ಹಾಲಿದೆ, ಹೊತ್ತಿಲ್ಲ

ಮುಂಬೈಯಲ್ಲಿ ಕೂಲಿ ಹೆಂಗಸರ ಕೂಸುಗಳ ಮಾತು ಬಂದಾಗಲೆಲ್ಲ ಫ್ಲ್ಯಾಟಿನಲ್ಲಿರುವ ನಮ್ಮಂಥವರು ಒಂದೇ ತೀರ್ಪು ಕೊಡುತ್ತಾರೆ: "ಅವರಿಗೆ ತಿಳಿವಳಿಕೆ ಇಲ್ಲ, ಎಳೆಗೂಸಿಗೆ ಬಾಟಲಿ ಹಿಡಿಸುತ್ತಾರೆ." ವಿಜಯಪುರದ ಕಡೆ ಮನೆತುಂಬ ಬಾಣಂತನ ನೋಡುತ್ತ ಬೆಳೆದು, ಈಗ ಧಾರಾವಿಯ ಪಕ್ಕದ ಸಾಯನ್‌ನಲ್ಲಿ ಸಂಸಾರ ಮಾಡುತ್ತಿರುವ ನಾನು ಈ ಮಾತನ್ನು ಒಪ್ಪುವುದಿಲ್ಲ.

ತಿಳಿವಳಿಕೆಯ ತಪ್ಪುಗಳು ನಮ್ಮೂರಲ್ಲಿ ಬೇಕಾದಷ್ಟಿದ್ದವು. ಹುಟ್ಟಿದ ಕೂಸಿನ ಬಾಯಿಗೆ ಮೊದಲು ಜೇನುತುಪ್ಪ, ಇಲ್ಲವೇ ಸಕ್ಕರೆ ನೀರು. ರೋಗ ತಡೆಯುವ ಶಕ್ತಿ ತುಂಬಿರುವ ಮೊದಲ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುತ್ತಿದ್ದರು. ಬಾಣಂತಿಗೆ ನೀರು ಕೊಡಲಿಕ್ಕೂ ಹಿಂದೆಮುಂದೆ ನೋಡುತ್ತಿದ್ದರು. ಆದರೆ ಆ ತಾಯಿ ಮೂರು ತಿಂಗಳೋ ಐದು ತಿಂಗಳೋ ತವರಿನಲ್ಲಿ ಕೂಸಿನ ಮಗ್ಗುಲಲ್ಲೇ ಇರುತ್ತಿದ್ದಳು. ಅದು ಅತ್ತಾಗೊಮ್ಮೆ ಎದೆಗೆ ಹಚ್ಚಿಕೊಳ್ಳುತ್ತಿದ್ದಳು. ಅಳವಿ ಪಾಯಸ, ಸಬ್ಬಸಿಗೆ ಪಲ್ಯ ಮಾಡಿ ಹಾಕುವ ಅವ್ವ ಬೆನ್ನಿಗಿರುತ್ತಿದ್ದಳು.

ಇಲ್ಲಿ ಎಲ್ಲ ತಿರುವುಮುರುವು. ಇಲ್ಲಿನ ಸಾಯನ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ 1989ರಲ್ಲಿ ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕ್ ಶುರುಮಾಡಿದರು. ಅಲ್ಲಿ ಹೆರುವ ಬಡ ತಾಯಂದಿರೇ ತಮ್ಮ ಹೆಚ್ಚಿನ ಹಾಲು ಕೊಟ್ಟು, ದಿನ ತುಂಬದೆ ಹುಟ್ಟಿದ ಬೇರೆಯವರ ಕೂಸುಗಳಿಗೆ ಆಸರೆಯಾಗುತ್ತಾರೆ. ಇಂಥವರಿಗೆ ಎದೆಹಾಲಿನ ಬೆಲೆ ತಿಳಿಯದು ಎಂದು ಹೇಗೆ ಹೇಳುವುದು?

ಕಷ್ಟ ಬರುವುದು ಆಸ್ಪತ್ರೆಯಿಂದ ಮನೆಗೆ ಹೋದ ಮೇಲೆ. ಬೆಳಿಗ್ಗೆ ಕೂಲಿಯವರು ಕೆಲಸಕ್ಕಾಗಿ ಕಾಯುವ ನಾಕಾದಲ್ಲಿ ನಿಂತರೆ ಕಲಬುರಗಿ, ಯಾದಗಿರಿಯ ಕನ್ನಡ ಕಿವಿಗೆ ಬೀಳುತ್ತದೆ. ಹೆತ್ತು ಎರಡು ತಿಂಗಳಾದ ಒಬ್ಬಾಕೆಯನ್ನು ಮಧ್ಯಾಹ್ನ ಕೆಲಸದ ಜಾಗದಲ್ಲೇ ಕಂಡೆ. ಹಾಲು ಸೋರಿ ಕುಪ್ಪಸ ತೊಯ್ದಿತ್ತು, ಅದರ ಮೇಲೆ ಸಿಮೆಂಟಿನ ಧೂಳು ಮೆತ್ತಿಕೊಂಡಿತ್ತು. ಕೂಸು ಖೋಲಿಯಲ್ಲಿ ಎಂಟು ವರ್ಷದ ಅಕ್ಕನ ಕೈಯಲ್ಲಿ. "ಎದ್ಯಾಗ ಹಾಲ ಐತ್ರಿ ಅಕ್ಕಾರ, ಕುಡಸಾಕ ಹೊತ್ತಿಲ್ರಿ" ಎಂದಳು. ಕೂಸು ಚೀಪಿದಷ್ಟೂ ಹಾಲು ಬರುವುದು ದೇಹದ ರೀತಿ. ಎದೆ ಖಾಲಿಯಾಗದಿದ್ದರೆ ಬರುವುದೇ ಕಡಿಮೆಯಾಗುತ್ತದೆ. ಹೀಗೆ ಕೆಲವು ವಾರ ಕಳೆದರೆ ಹಾಲು ಸಾಲದು ಎಂಬ ಮಾತು ನಿಜವೇ ಆಗಿಬಿಡುತ್ತದೆ. ಆಮೇಲೆ ಪಾಕೀಟಿನ ಹಾಲು, ಅದಕ್ಕೆ ಡ್ರಮ್ಮಿನ ನೀರು, ಸರಿಯಾಗಿ ಕುದಿಸದ ಬಾಟಲಿ, ನಿಲ್ಲದ ಭೇದಿ.

ಆರು ತಿಂಗಳು ತುಂಬಿದ ಮೇಲಿನ ಊಟದ ಕತೆಯೂ ಅಷ್ಟೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 6ರಿಂದ 23 ತಿಂಗಳ ಮಕ್ಕಳಲ್ಲಿ ಸಾಕಷ್ಟು ಆಹಾರ ಸಿಗುವುದು ಶೇ. 11.3ರಷ್ಟು ಮಕ್ಕಳಿಗೆ ಮಾತ್ರ. ಊರಲ್ಲಾದರೆ ಅಜ್ಜಿ ರೊಟ್ಟಿಯನ್ನು ಹಾಲಲ್ಲಿ ನೆನೆಸಿ, ಕಿವುಚಿ, ತುತ್ತು ತುತ್ತಾಗಿ ಅರ್ಧ ತಾಸು ಕೂತು ತಿನ್ನಿಸುತ್ತಾಳೆ. ಇಲ್ಲಿ ಎಂಟು ವರ್ಷದ ಅಕ್ಕನಿಗೆ ಸಾಧ್ಯವಾಗುವುದು ಚಹಾದಲ್ಲಿ ಅದ್ದಿದ ಬಿಸ್ಕತ್ತು.

ಕಚೇರಿಯ ಹೆಣ್ಣುಮಗಳಿಗೆ 2017ರ ತಿದ್ದುಪಡಿಯಿಂದ 26 ವಾರದ ಸಂಬಳದ ರಜೆ ಬಂತು. ನಾಕಾದ ಹೆಣ್ಣುಮಗಳಿಗೆ ಕೇಂದ್ರ ಸರ್ಕಾರದ ಮಾತೃವಂದನಾ ಯೋಜನೆಯ 5,000 ರೂಪಾಯಿ, ಅದೂ ಮೊದಲ ಕೂಸಿಗೆ. ಎರಡನೆಯದಕ್ಕೆ ಸಿಗಬೇಕಾದರೆ ಅದು ಹೆಣ್ಣಾಗಿರಬೇಕು. ಇಷ್ಟರಲ್ಲಿ ಆಕೆ ಆರು ತಿಂಗಳು ಮನೆಯಲ್ಲಿ ಕೂರುವುದು ಹೇಗೆ? ಕಟ್ಟಡ ಕಾರ್ಮಿಕರ 1996ರ ಕಾಯ್ದೆಯಲ್ಲಿ ಮಕ್ಕಳಿಗೆ ಕೋಣೆ ಕೊಡಬೇಕೆಂದಿತ್ತು, ಆದರೆ 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಮಾತ್ರ. ಗುತ್ತಿಗೆಯ ಕೆಳಗೆ ಉಪಗುತ್ತಿಗೆ ಮಾಡಿ ಲೆಕ್ಕ ಹಂಚಿದರೆ 50 ಎಲ್ಲಿಂದ ತುಂಬೀತು?

ಈ ಒಂದು ವಿಷಯದಲ್ಲಿ ನಮ್ಮ ಕರ್ನಾಟಕ ಒಳ್ಳೆಯ ದಾರಿ ಹಿಡಿದಿದೆ. ಉದ್ಯೋಗ ಖಾತ್ರಿಯ ತಾಯಂದಿರಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ, ತಾಯಿ ದುಡಿಯುವಾಗ ಮಕ್ಕಳನ್ನು ನೋಡಿಕೊಳ್ಳುವ ಕೂಸಿನ ಮನೆ ತೆರೆದಿದ್ದಾರೆ. ಗುಳೆ ಬಂದವರಿಗೆ ಮಾತ್ರ ಅದು ಊರಲ್ಲೇ ಉಳಿಯಿತು. ಅಂಥದೊಂದು ಮನೆ ಮುಂಬೈಯ ಪ್ರತಿ ನಾಕಾದ ಹತ್ತಿರವೂ ಬೇಕು, ಬೆಂಗಳೂರಿನ ಕಟ್ಟಡಗಳ ಪಕ್ಕದಲ್ಲೂ ಬೇಕು. ಕೂಲಿಯವರನ್ನು ಕೆಲಸಕ್ಕೆ ಕರೆದೊಯ್ಯುವ ಮುಕಾದಮ ಬರುವ ಮೊದಲೇ ಅದರ ಬಾಗಿಲು ತೆರೆದಿರಬೇಕು. ಮಧ್ಯಾಹ್ನ ತಾಯಿ ನಡೆದು ಬಂದು ಹಾಲು ಕುಡಿಸಿ ಹೋಗುವಷ್ಟು ಸಮೀಪವಿರಬೇಕು. ಆ ಅರ್ಧ ತಾಸಿಗೆ ಆಕೆಯ ಕೂಲಿ ಮುರಿಯಕೂಡದು.