ಸೈರನ್ ನಡುವೆ ಗೋಳು: ಹೇಳಿಕೊಳ್ಳಬೇಕಾ, ನುಂಗಿಕೊಳ್ಳಬೇಕಾ?

ಉಕ್ರೇನಿನ ಮೇಲೆ ರಷ್ಯಾ ಪೂರ್ಣ ಪ್ರಮಾಣದ ದಾಳಿ ಶುರು ಮಾಡಿದ್ದು 2022ರ ಫೆಬ್ರವರಿ 24ರಂದು. ಆಮೇಲೂ ಅಲ್ಲಿನ ಜನ ಕೆಲಸಕ್ಕೆ ಹೋದರು, ಅಡುಗೆ ಮಾಡಿದರು, ಮಕ್ಕಳಿಗೆ ಹೋಂವರ್ಕ್ ಮಾಡಿಸಿದರು. ರಾತ್ರಿ ಫೋನ್ ಹಿಡಿದು ಬಾಯಿಗೆ ಬಂದಂತೆ ಬೈದರು ಕೂಡ. ಯುದ್ಧದ ನಡುವೆ ಬದುಕುವವರು ಹೀಗೆ ಜಾಲತಾಣಗಳಲ್ಲಿ ಎಲ್ಲರೆದುರು ಗೋಳು ತೋಡಿಕೊಳ್ಳುವುದು ಸರಿಯೇ?

ಪರ: ಬಾಯಿಗೆ ಬೀಗ ಯಾಕೆ?

ಯುದ್ಧ ಅಂದ ಕೂಡಲೇ ದೂರದ ನಮಗೆ ಕಾಣೋದು ಟ್ಯಾಂಕು, ಕ್ಷಿಪಣಿ. ಅಲ್ಲೇ ಇರುವವರಿಗೆ ಅದು ದಿನಾ ಕಾಡೋದು ಕರೆಂಟು, ನೀರು, ನಿದ್ದೆಯ ರೂಪದಲ್ಲಿ. 2022ರ ಅಕ್ಟೋಬರ್ 10ರಿಂದ ರಷ್ಯಾ ವಿದ್ಯುತ್ ಜಾಲದ ಮೇಲೆ ಒಂದರ ಹಿಂದೆ ಒಂದು ದಾಳಿ ಮಾಡಿತು. ದೇಶದ ತುಂಬ ಲೋಡ್ ಶೆಡ್ಡಿಂಗ್. ಅಪಾರ್ಟ್‌ಮೆಂಟ್‌ಗಳ ಲಿಫ್ಟ್ ಒಳಗೆ ಜನರೇ ಒಂದು ಡಬ್ಬ ಇಟ್ಟರು. ಅದರಲ್ಲಿ ನೀರಿನ ಬಾಟಲಿ, ಬಿಸ್ಕತ್ತು, ಒಂದಿಷ್ಟು ಔಷಧಿ. ಎರಡು ಮಹಡಿ ನಡುವೆ ಕರೆಂಟ್ ಹೋಗಿ ಸಿಕ್ಕಿಬಿದ್ದವರಿಗೆ ಅದೇ ಗತಿ. ನಡುರಾತ್ರಿ ಕರೆಂಟ್ ಬಂದರೆ ಆಗಲೇ ಎದ್ದು ಬಟ್ಟೆ ಒಗೆಯಬೇಕು, ನಾಳೆಯ ಅಡುಗೆಯನ್ನೂ ಮುಗಿಸಬೇಕು. ಬೆಳಿಗ್ಗೆ ಮತ್ತೆ ಆಫೀಸು.

ಇಷ್ಟಾದ ಮೇಲೂ ಒಬ್ಬರು ಸುಮ್ನೆ ಇರಬೇಕು ಅಂದರೆ ಹೇಗೆ? ಪಕ್ಕದ ಮನೆಯವರಿಗೆ ಹೇಳೋಣ ಅಂದರೆ ಅವರದೂ ಅದೇ ಪಾಡು. "ಸೈನಿಕರು ಅಲ್ಲಿ ಸಾಯ್ತಿದ್ದಾರೆ, ನಿನಗೆ ಬಿಸಿನೀರಿನ ಚಿಂತೆಯಾ" ಅನ್ನುವ ಮಾತೊಂದು ಯಾವಾಗಲೂ ತಯಾರಿರುತ್ತದೆ. ನನ್ನ ಪ್ರಕಾರ ಇದು ಶುದ್ಧ ದಬ್ಬಾಳಿಕೆ. ದೊಡ್ಡ ನೋವು ಇದೆ ಅಂತ ಚಿಕ್ಕ ನೋವು ಮಾಯ ಆಗುವುದಿಲ್ಲ.

ಮೇಲಾಗಿ ಈ ಗೊಣಗಾಟದೊಳಗೇ ಕೆಲಸಕ್ಕೆ ಬರುವ ವಿಷಯ ಇರುತ್ತದೆ. ರಷ್ಯಾ ಬಿಡುವ ಶಾಹೆದ್ ಡ್ರೋನ್ ಹಾರುವಾಗ ಹಳೇ ದ್ವಿಚಕ್ರ ವಾಹನದ ಹಾಗೆ ಗರ್ ಅನ್ನುತ್ತದೆ, ಅದಕ್ಕೇ ಅಲ್ಲಿಯವರು ಅದನ್ನು "ಮೊಪೆಡ್" ಅನ್ನುತ್ತಾರೆ. "ಮತ್ತೆ ಮೊಪೆಡ್ ಬಂತು, ಇವತ್ತೂ ನಿದ್ದೆ ಹೋಯ್ತು" ಅಂತ ಯಾರೋ ಹಾಕಿದರೆ ಅದರಲ್ಲಿ ಬೈಗುಳವೂ ಇದೆ, ಎಚ್ಚರಿಕೆಯೂ ಇದೆ. ಹೊರಗಿನ ಬೀದಿಗೂ ನಮಗೂ ನಡುವೆ ಎರಡು ಗೋಡೆ ಇರಬೇಕು ಅನ್ನುವ ನಿಯಮ ಅಲ್ಲಿ ಮಕ್ಕಳಿಗೂ ಗೊತ್ತು. ಅಂದರೆ ಬಚ್ಚಲೋ ಕಾರಿಡಾರೋ ಮಲಗುವ ಜಾಗ. ಅಲ್ಲಿ ತಣ್ಣನೆ ಟೈಲ್ಸ್ ಮೇಲೆ ಕುಂತು, ಇನ್ನೊಂದು ಬಚ್ಚಲಲ್ಲಿ ಕುಂತವರ ಜೋಕು ಓದಿದಾಗ ಸಿಗುವ ಧೈರ್ಯವನ್ನು ಯಾವ ಸರ್ಕಾರಿ ಪ್ರಕಟಣೆಯೂ ಕೊಡಲಾರದು.

ನಮ್ಮವರ ಕತೆಯನ್ನೇ ನೋಡಿ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ದಾಳಿಗೆ ಬಲಿಯಾದ. ಬಂಕರ್‌ನಿಂದ ಊಟದ ಸಾಮಾನು ತರಲು ಹೊರಗೆ ಹೋಗಿದ್ದವನು. ಆ ದಿನಗಳಲ್ಲಿ ಅಲ್ಲಿನ ನೆಲಮಾಳಿಗೆಗಳಿಂದ ಕನ್ನಡದ ಹುಡುಗ ಹುಡುಗಿಯರು ಕಳಿಸುತ್ತಿದ್ದ ವಿಡಿಯೋಗಳು ನೆನಪಿವೆ ಅಲ್ವಾ? ಊಟ ಇಲ್ಲ, ನೀರಿಲ್ಲ, ಬೇಗ ಕರ್ಕೊಂಡು ಹೋಗಿ ಅಂತ. ಸುಮಿ ಅನ್ನುವ ಊರಲ್ಲಿ ಸಿಕ್ಕಿಕೊಂಡಿದ್ದ ಸುಮಾರು 700 ಭಾರತೀಯ ವಿದ್ಯಾರ್ಥಿಗಳು ಹಿಮ ಕರಗಿಸಿ ನೀರು ಮಾಡಿಕೊಂಡರು. ಮಾರ್ಚ್ 5ರಂದು ಅವರು "ಇದೇ ನಮ್ಮ ಕೊನೆಯ ವಿಡಿಯೋ, ನಡೆದೇ ಗಡಿ ಕಡೆ ಹೊರಡ್ತೀವಿ" ಅಂತ ಹಾಕಿದರು. ದೇಶವೇ ತಿರುಗಿ ನೋಡಿತು. 8ಕ್ಕೆ ಅವರೆಲ್ಲ ಬಸ್ಸಿನಲ್ಲಿ ಪೊಲ್ತಾವಾ ನಗರದ ಕಡೆ ಹೊರಟಿದ್ದರು. ಅದೇ ಹೊತ್ತಲ್ಲಿ ಇಲ್ಲಿ ಬೆಚ್ಚಗೆ ಕುಂತು "ಅಲ್ಲಿಗೆ ಓದೋಕೆ ಹೋಗು ಅಂತ ಹೇಳಿದ್ಯಾರು" ಅಂದವರೂ ಇದ್ದರು. ಅವರ ಬಾಯಿಗೆ ಹೆದರಿ ಆ ಮಕ್ಕಳು ಸುಮ್ಮನಾಗಬೇಕಿತ್ತಾ?

ವಿರೋಧ: ಗೋಳಿಗೂ ಕಿವಿ ನೋಡಿಕೊಳ್ಳಬೇಕು

ಗೋಳು ಹೇಳಿಕೊಳ್ಳಬೇಡಿ ಅಂತ ನಾನೂ ಅನ್ನುತ್ತಿಲ್ಲ. ಯಾರ ಮುಂದೆ ಅನ್ನೋದೇ ತಕರಾರು. ಯುದ್ಧದ ಊರಿನಿಂದ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದನ್ನು ಮೊದಲು ಗಮನವಿಟ್ಟು ಓದುವವನು ಶತ್ರು.

ಕೀವ್‌ನ ರೆಟ್ರೋವಿಲ್ ಮಾಲ್ ಮೇಲೆ 2022ರ ಮಾರ್ಚ್ 20ರ ರಾತ್ರಿ ಕ್ಷಿಪಣಿ ಬಿತ್ತು. ಕಡಿಮೆ ಅಂದರೂ 8 ಜನ ಸತ್ತರು. ಆ ಜಾಗದ ಹತ್ತಿರ ನಿಂತಿದ್ದ ಸೇನಾ ವಾಹನಗಳ ವಿಡಿಯೋವನ್ನು ಒಬ್ಬ ಟಿಕ್‌ಟಾಕ್‌ಗೆ ಹಾಕಿದ್ದ. ಉಕ್ರೇನಿನ ಭದ್ರತಾ ಸೇವೆ ಅವನನ್ನು ಹಿಡಿಯಿತು, ಆತ ಕ್ಷಮೆ ಕೇಳಿದ ವಿಡಿಯೋವೂ ಹೊರಬಂತು. ಕ್ಷಿಪಣಿ ಬಿದ್ದಿದ್ದು ಅದರಿಂದಲೇನಾ ಅಂತ ವಾದ ಮಾಡಬಹುದು. ಆದರೆ ಅದೇ ತಿಂಗಳು ಉಕ್ರೇನ್ ಕಾನೂನನ್ನೇ ತಿದ್ದಿತು. ಸೇನೆಯ ಓಡಾಟ, ನೆಲೆಯ ಮಾಹಿತಿಯನ್ನು ಅನುಮತಿ ಇಲ್ಲದೆ ಹರಡಿದರೆ ಜೈಲು. ಬೈಯಲು ಹೊರಟವನು ಇದನ್ನೆಲ್ಲ ಲೆಕ್ಕ ಹಾಕುತ್ತಾನಾ? "ನಮ್ಮ ಬೀದಿಗೇ ಯಾಕೆ ಬಂದು ನಿಂತಿದ್ದಾರೋ" ಅಂತ ಸಿಟ್ಟಿನಲ್ಲಿ ಒಂದು ಫೋಟೋ ಹಾಕಿದರೆ ಹಿಂದಿನ ಅಂಗಡಿ ಬೋರ್ಡೇ ವಿಳಾಸ ಹೇಳಿಬಿಡುತ್ತದೆ.

ಇದು ಬರೀ ಗುಟ್ಟಿನ ಪ್ರಶ್ನೆಯಲ್ಲ. ವರ್ಷಗಟ್ಟಲೆ ಬೈಯುತ್ತಾ ಹೋದರೆ ಬೈಗುಳ ಎತ್ತ ತಿರುಗುತ್ತದೆ? ಶತ್ರು ದೂರ, ಕೈಗೆ ಸಿಗುವುದಿಲ್ಲ. ಸಿಗುವವರು ನೆರೆಯವರು. ದೇಶ ಬಿಟ್ಟು ಹೋದವರ ಮೇಲೆ ಉಳಿದವರ ಸಿಟ್ಟು. ಮನೆಯಲ್ಲಿ ರಷ್ಯನ್ ಮಾತಾಡುವವರ ಮೇಲೆ ಅನುಮಾನ. ಸೇನೆಗೆ ಸೇರದೆ ತಪ್ಪಿಸಿಕೊಂಡವನ ಮೇಲೆ ಸೇರಿದವನ ಹೆಂಡತಿಯ ಕೋಪ. ಸಿಟ್ಟಿಗೆ ಕಾರಣ ಇದೆ, ಇಲ್ಲ ಅನ್ನಲಾಗದು. ಆದರೆ ಅದನ್ನೇ ಆಯ್ದು, "ನೋಡಿ, ಇವರು ತಮ್ಮತಮ್ಮಲ್ಲೇ ಕಚ್ಚಾಡುತ್ತಿದ್ದಾರೆ" ಅಂತ ಮಾಸ್ಕೋದ ಪ್ರಚಾರ ಚಾನೆಲ್‌ಗಳು ತೋರಿಸುತ್ತವೆ. ಅವರಿಗೆ ಪುಕ್ಕಟೆ ಸರಕು.

ಇನ್ನು ನಿದ್ದೆ. ಕ್ಷಿಪಣಿ ಎತ್ತ ಹೊರಟಿದೆ ಅಂತ ನಿಮಿಷ ನಿಮಿಷಕ್ಕೂ ಹೇಳುವ ಟೆಲಿಗ್ರಾಂ ಚಾನೆಲ್‌ಗಳಿವೆ. ಎಲ್ಲ ಮುಗಿಯಿತು ಅಂತ ಸೈರನ್ ಹೇಳಿದ ಮೇಲೂ ಜನ ಅದನ್ನೇ ಉಜ್ಜುತ್ತಾ, ಒಬ್ಬರ ಭಯವನ್ನು ಇನ್ನೊಬ್ಬರಿಗೆ ಅಂಟಿಸುತ್ತಾ ಕೂರುತ್ತಾರೆ. ಎದೆ ಹಗುರ ಆಗಲಿ ಅಂತ ಶುರುವಾದದ್ದು ಎದೆ ಹೊಡೆದುಕೊಳ್ಳುವಲ್ಲಿಗೆ ಬಂದು ನಿಲ್ಲುತ್ತದೆ. ರಾಣೆಬೆನ್ನೂರಿನಲ್ಲೋ ಬಾಗಲಕೋಟೆಯಲ್ಲೋ ಕುಂತ ಅಪ್ಪ ಅಮ್ಮನ ಗತಿ ಕೇಳಲೇಬೇಡಿ. ಅವರಿಗೆ ಸೈರನ್ ಕೇಳದು, ಮುಗಿಯಿತು ಅನ್ನುವ ಸದ್ದೂ ಕೇಳದು. ಕಾಣೋದು ಮಗಳು ಅಳುವ ವಿಡಿಯೋ ಒಂದೇ, ಅದೂ ಟಿವಿಯಲ್ಲಿ, ಹತ್ತು ಸಲ.

ಹೇಳಿಕೊಳ್ಳಲು ಜಾಗ ಇಲ್ಲ ಅಂತಲೂ ಅಲ್ಲ. 2022ರ ನವೆಂಬರ್‌ನಿಂದ ಅಲ್ಲಿನ ಸರ್ಕಾರ ಊರೂರಲ್ಲಿ ಬೆಚ್ಚನೆಯ ಟೆಂಟು ಹಾಕಿತು, ಶಾಲೆಗಳಲ್ಲೂ ಜಾಗ ಮಾಡಿತು. ಫೋನ್ ಚಾರ್ಜ್ ಮಾಡಲು ಬಂದವರು ಟೀ ಹಿಡಿದು ಗಂಟೆಗಟ್ಟಲೆ ಕೂರಬಹುದು. ಅಲ್ಲಿ ಎಷ್ಟು ಬೈದರೂ ಸ್ಕ್ರೀನ್‌ಶಾಟ್ ಆಗುವುದಿಲ್ಲ.

ಸುಮಿಯ ಉದಾಹರಣೆಯನ್ನು ಎಲ್ಲರೂ ಎತ್ತುತ್ತಾರೆ. ಆ ವಿಡಿಯೋ ಬರೀ ಗೋಳಾಗಿರಲಿಲ್ಲ, ಸರ್ಕಾರಕ್ಕೆ ಕೊಟ್ಟ ಅರ್ಜಿಯಾಗಿತ್ತು. ಯಾರು, ಎಲ್ಲಿ, ಏನು ಬೇಕು, ಎಲ್ಲ ಇತ್ತು. ಆದರೂ ಗುಂಪಾಗಿ ಯಾವ ಕಡೆ ನಡೆಯುತ್ತೇವೆ ಅಂತ ಊರಿಗೆಲ್ಲ ಸಾರಿದ್ದು ಅಪಾಯವೇ. ಬಂಕರ್ ಬಿಟ್ಟು ಹೊರಡಬೇಡಿ ಅಂತ ವಿದೇಶಾಂಗ ಸಚಿವಾಲಯ ಹೇಳಿತು, ಪುಣ್ಯಕ್ಕೆ ಅವರು ಕೇಳಿದರು. ಮಾರ್ಚ್ 7ರಂದು ಬಸ್ ಹತ್ತಿದ ಮಕ್ಕಳನ್ನು ಮತ್ತೆ ಇಳಿಸಬೇಕಾಯಿತು, ಕದನವಿರಾಮ ಉಳಿಯಲಿಲ್ಲ. ಅದೇ ದಿನ ನಮ್ಮ ಪ್ರಧಾನಿ ಪುಟಿನ್ ಜೊತೆಗೂ ಝೆಲೆನ್‌ಸ್ಕಿ ಜೊತೆಗೂ ಮಾತಾಡಿದರು. ಮಾರನೇ ದಿನ ದಾರಿ ತೆರೆಯಿತು. ಬಸ್ ಹೊರಟಿದ್ದು ಎರಡೂ ಕಡೆಯ ಬಂದೂಕು ಕೆಲವು ಗಂಟೆ ನಿಂತಿದ್ದರಿಂದ. ಎಷ್ಟು ಜನ ವಿಡಿಯೋ ಶೇರ್ ಮಾಡಿದ್ದರು ಅನ್ನುವುದರಿಂದ ಅಲ್ಲ.