ಆಫ್ ಇದ್ದ ಚಿಪ್ಪಿಗೂ ಪೆಟ್ಟು ಬೀಳುತ್ತದೆ: ಒಂದು ಸ್ಪಷ್ಟನೆ

ಹುಬ್ಬಳ್ಳಿ-ಧಾರವಾಡದ ಪ್ರಾಜೆಕ್ಟ್ ಹುಡುಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಓಡಾಡುತ್ತಿದೆ: "ಸೆನ್ಸರ್‌ಗೆ ಮೊದಲು ಪವರ್ ಕೊಡಿ, ಆರ್ಡುಯಿನೊಗೆ ಆಮೇಲೆ ಕೊಡಿ. ಚಿಪ್ ಆಫ್ ಇರುತ್ತಲ್ಲ, ಏನೂ ಆಗಲ್ಲ." (ಆರ್ಡುಯಿನೊ ಅಂದರೆ ಪ್ರೋಗ್ರಾಂ ಹಾಕಿ ನಡೆಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್.) ಇದು ತಪ್ಪು. ದಯವಿಟ್ಟು ಮುಂದೆ ಕಳಿಸಬೇಡಿ.

ಆರ್ಡುಯಿನೊ ಯುನೊ ಬೋರ್ಡಿನ ಮುಖ್ಯ ಚಿಪ್ ಆದ ಎಟಿಮೆಗಾ328ಪಿಯ ಡೇಟಾಶೀಟ್, ಅಂದರೆ ತಯಾರಕರು ಕೊಡುವ ವಿವರಪತ್ರ, ತೆಗೆದು ನೋಡಿ. ಸಿಗ್ನಲ್ ಪಿನ್ನಿನ ವೋಲ್ಟೇಜ್, ಸಪ್ಲೈ ದಾಟಿ 0.5 ವೋಲ್ಟ್‌ಗಿಂತ ಜಾಸ್ತಿ ಹೋಗಬಾರದು. ಸಪ್ಲೈ ಸೊನ್ನೆ ಇದ್ದರೆ ಮಿತಿಯೂ ಬರೀ 0.5 ವೋಲ್ಟ್. ಸೆನ್ಸರ್ ಕಳಿಸುವುದು 5 ವೋಲ್ಟ್ ತನಕ ಇರಬಹುದು!

ನನ್ನ ಮೇಜಿನ ಮೇಲೇ ಇದನ್ನು ಕಂಡಿದ್ದೇನೆ. ಯುಎಸ್‌ಬಿ ಕಿತ್ತಿದ್ದೆ, ಸೆನ್ಸರ್ ಬೇರೆ ಅಡಾಪ್ಟರ್ ಮೇಲಿತ್ತು. ಆದರೂ ಬೋರ್ಡಿನ ಹಸಿರು ಎಲ್‌ಇಡಿ ಮಂಕಾಗಿ ಉರಿಯುತ್ತಿತ್ತು. ಪಿನ್ನಿನೊಳಗಿನ ರಕ್ಷಣೆಯ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಮೂಲಕ ಕರೆಂಟ್ ಹಿತ್ತಲ ಬಾಗಿಲಿಂದ ನುಗ್ಗಿತ್ತು. ಇಡೀ ಬೋರ್ಡಿನ ಹೊರೆ ಆ ಪುಟ್ಟ ಡಯೋಡಿನ ಮೇಲೆ, ಅಲ್ವಾ? ಇಂಥ ಹೊತ್ತಲ್ಲಿ ಪವರ್ ಕೊಟ್ಟರೆ ಕೆಲವೊಮ್ಮೆ ಲ್ಯಾಚ್-ಅಪ್ ಆಗುತ್ತದೆ. ಸಪ್ಲೈ, ಗ್ರೌಂಡ್ ನಡುವೆ ಶಾರ್ಟ್ ಆದ ಹಾಗೆ ದಾರಿ ತೆರೆದು ಚಿಪ್ ಸುಡುವಷ್ಟು ಬಿಸಿಯಾಗುತ್ತದೆ. ಪವರ್ ತೆಗೆಯುವ ತನಕ ಅದು ನಿಲ್ಲುವುದಿಲ್ಲ.

ಎರಡಕ್ಕೂ ಒಂದೇ ಸಪ್ಲೈ ಇದ್ದರೆ ಒಳ್ಳೆಯದು. ಬೇರೆ ಬೇರೆ ಇದ್ದರೆ ಬೋರ್ಡ್ ಮೊದಲು, ಸೆನ್ಸರ್ ಆಮೇಲೆ. ಆಫ್ ಮಾಡುವಾಗ ಉಲ್ಟಾ. ಆದರೆ ಕರೆಂಟ್ ಹೋಗಿ ಬಂದಾಗ ಈ ಕ್ರಮ ನಮ್ಮ ಕೈಯಲ್ಲಿರಲ್ಲ. ಅದಕ್ಕೇ ಸಿಗ್ನಲ್ ವೈರಿನಲ್ಲಿ ಕರೆಂಟ್ ತಡೆಯುವ ಒಂದು 10 ಕಿಲೋ ಓಮ್ ರೆಸಿಸ್ಟರ್ ಹಾಕಿ. ನುಗ್ಗುವ ಕರೆಂಟ್ 0.5 ಮಿಲಿಆಂಪಿಗಿಂತ ಕಡಿಮೆ ಆಗುತ್ತದೆ.