73ನೇ ಗಂಟೆಗೆ ಬರೋರು ಯಾರು?

ಆ ಚೀಲದ ವಿಡಿಯೊ ನಿಮಗೂ ಬಂದಿರುತ್ತೆ, ಬಿಡಿ. 2025ರ ಮಾರ್ಚ್‌ನಲ್ಲಿ ಯುರೋಪ್ ಒಕ್ಕೂಟದ ಕಮಿಷನರ್ ಮೇಡಂ ಒಬ್ಬರು ತಮ್ಮ ಬ್ಯಾಗು ಬಿಚ್ಚಿ ಒಂದೊಂದೇ ಸಾಮಾನು ತೆಗೆದು ತೋರಿಸಿದರಲ್ಲ, ಅದೇ. ಟಾರ್ಚು, ಚಾಕು, ರೇಡಿಯೊ, ಇಸ್ಪೀಟು ಎಲೆ. ಯುದ್ಧವೋ ನೆರೆಯೋ ಬಂದರೆ 72 ಗಂಟೆ ಯಾರ ಹಂಗೂ ಇಲ್ಲದೆ ಬದುಕೋಕೆ ಎಲ್ಲರೂ ತಯಾರಿರಿ ಅಂದರು. ಮರು ತಿಂಗಳೇ ಸ್ಪೇನ್, ಪೋರ್ಚುಗಲ್‌ನಲ್ಲಿ ಕರೆಂಟು ಹೋಯಿತು. ಅದರ ಮರು ತಿಂಗಳು, ಯುದ್ಧ ಬಂದರೆ ಏನು ಮಾಡಬೇಕು ಅಂತ ನಮ್ಮಲ್ಲೇ ಸೈರನ್ನು, ಅಣಕು ಕವಾಯತು. ಕವಾಯತು ನಡೆಯುವ ಊರುಗಳ ಪಟ್ಟಿಯಲ್ಲಿ ಕರ್ನಾಟಕದಿಂದ ಬೆಂಗಳೂರು, ಕಾರವಾರ, ರಾಯಚೂರು ಇದ್ದವು. ನಮ್ಮ ದಾವಣಗೆರೆ ಇರಲಿಲ್ಲ. ಶತ್ರು ಕೂಡ ನಮ್ಮನ್ನು ಲೆಕ್ಕಕ್ಕೆ ತಗೊಳ್ಳಲ್ಲ ಅಂತ ಅವತ್ತು ಗೊತ್ತಾಯಿತು.

ಈಗ ಆ ಚೀಲದ ಕನ್ನಡ ಅವತಾರ ನಮ್ಮ ಬಡಾವಣೆಯ ವಾಟ್ಸಾಪ್‌ನಲ್ಲಿ ಸುತ್ತುತ್ತಿದೆ. ಮೊದಲ ಸಾಲು: 'ಪ್ರತಿ ಮನೆಯವರೂ ಮೂರು ದಿನಕ್ಕಾಗುವಷ್ಟು ನೀರು ಸಂಗ್ರಹಿಸಿಟ್ಟುಕೊಳ್ಳಿ.' ಅದನ್ನು ಓದಿ ಎದುರು ಮನೆ ಅಕ್ಕ ನಕ್ಕಿದ್ದು ನಮ್ಮ ಅಡುಗೆಮನೆವರೆಗೂ ಕೇಳಿಸಿತು. "ಮೂರು ದಿನಕ್ಕೆ ಹಿಡಿದಿಟ್ರೆ ನಾಲ್ಕನೇ ದಿನಕ್ಕೆ ಇವರಪ್ಪ ಬಿಡ್ತಾನೇನ್ರಿ ನೀರು?"

ಆಕೆಯ ಮನೆ ನೋಡಬೇಕು ನೀವು. ನೆಲದೊಳಗೆ ಸಂಪು, ತಾರಸಿ ಮೇಲೆ ಸಿಂಟೆಕ್ಸು, ಹಿತ್ತಲಲ್ಲಿ ನೀಲಿ ಡ್ರಮ್ಮು, ಬಚ್ಚಲಲ್ಲಿ ಹಂಡೆ. ಇವೆಲ್ಲ ತುಂಬಿದ ಮೇಲೆ ಕೊಡ, ಬಕೆಟ್ಟು, ಕುಕ್ಕರು, ಮಕ್ಕಳ ಸ್ಕೂಲ್ ಬಾಟಲಿ. ಕುಡಿಯೋಕೆ ಕಾಯಿನ್ ಹಾಕಿ ತರುವ 20 ಲೀಟರಿನ ಕ್ಯಾನು ಬೇರೆ. ಮೆಟ್ಟಿಲ ಕೆಳಗೆ ಯುಪಿಎಸ್ಸು. ಯುಪಿಎಸ್ಸು ಕೈಕೊಟ್ಟರೆ ಚಾರ್ಜರ್ ಲೈಟು, ಅದೂ ಹೋದರೆ ಮೇಣದಬತ್ತಿ. ಒಂದು ಸಿಲಿಂಡರ್ ಒಲೆಗೆ, ಇನ್ನೊಂದು ಮಂಚದ ಪಕ್ಕ. ಗೇಟಿನ ಮುಂದಿನ ಗುಂಡಿಗೆ ಜಲ್ಲಿ ಹಾಕಿಸಿದ್ದೂ ಅವರೇ. ಬೀದಿ ದೀಪ ಕೆಟ್ಟಿದ್ದಕ್ಕೆ ಕಾಂಪೌಂಡಿಗೆ ಬಲ್ಬು ಹಾಕಿಸಿದ್ದೂ ಅವರೇ. ಹಾಗೆ ನೋಡಿದರೆ ಆ ಮನೆಯೇ ಒಂದು ನಗರಪಾಲಿಕೆ. ಒಂದೇ ವ್ಯತ್ಯಾಸ, ಈ ಪಾಲಿಕೆ ಕಂದಾಯ ವಸೂಲಿ ಮಾಡಲ್ಲ, ಕಟ್ಟುತ್ತೆ.

ನಮ್ಮೂರೇನು ಸಾಮಾನ್ಯವಾ? 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿ ಬಂದಾಗ ದೇಶದ 20 ಊರುಗಳಲ್ಲಿ ದಾವಣಗೆರೆಯೂ ಒಂದು. ಸ್ಮಾರ್ಟ್ ಆಗಿದ್ದು ಜನ. ನೀರು ಬಿಡುವ ವಾಲ್ವ್‌ಮ್ಯಾನ್ ಹೊಟ್ಟೆಯೊಳಗಿನ ಕ್ಯಾಲೆಂಡರನ್ನು ಓದೋಕೆ ಕಲಿತರು. ಆತ ಈ ಬೀದಿಗೆ ಬಂದರೆ ಎಷ್ಟು ಹೊತ್ತು, ಆ ಬೀದಿಯಲ್ಲಿ ಮದುವೆ ಇದ್ದರೆ ಇಲ್ಲಿಗೆ ಎಷ್ಟು ಹೊತ್ತು ಕಡಿಮೆ, ಆತನ ಮಗಳು ಹೆರಿಗೆಗೆ ಬಂದಿದ್ದರೆ ನಾವು ಯಾವಾಗ ಸ್ನಾನ ಮಾಡಬಹುದು, ಎಲ್ಲ ಲೆಕ್ಕ ಬಾಯಲ್ಲಿದೆ. 112, 108 ಎಲ್ಲ ಗೋಡೆ ಮೇಲೆ ಬರೆಸೋ ನಂಬರು. ಹೆಂಗಸರ ಫೋನಿನಲ್ಲಿ ಮೊದಲು ಸಿಗೋದು 'ನೀರಣ್ಣ' ಅಂತ ಸೇವ್ ಆಗಿರೋ ನಂಬರು. ಯುಗಾದಿಗೆ ಒಬ್ಬಟ್ಟು ಹೋಗೋದೂ ಆ ಮನೆಗೇ ಮೊದಲು. ಯುರೋಪಿನ ಚೀಲದಲ್ಲಿ ವಾಲ್ವ್‌ಮ್ಯಾನ್ ನಂಬರೇ ಇಲ್ಲ. ಅದೆಂಥ ತಯಾರಿ ಹೇಳಿ.

ದಾಖಲೆಗಳ ನಕಲು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಳ್ಳಿ ಅಂತ ಇನ್ನೊಂದು ಸಲಹೆ. ಇದರಲ್ಲಿ ನಮ್ಮನ್ನು ಮೀರಿಸೋರು ಭೂಮಿ ಮೇಲಿಲ್ಲ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಪಹಣಿ, ಜಾತಿ, ಆದಾಯ, ತೀರಿಹೋದ ಅಜ್ಜನ ವಂಶವೃಕ್ಷ, ಎಲ್ಲದಕ್ಕೂ ಐದೈದು ಜೆರಾಕ್ಸು. ಮನೆಗೆ ಬೆಂಕಿ ಬಿದ್ದರೆ ನಾವು ಹೊರಗೆ ಓಡೋದೇ ಆ ಕವರು ಹಿಡಕೊಂಡು. ಮಕ್ಕಳು ಹೆಂಗೋ ಬರ್ತಾರೆ. ಒರಿಜಿನಲ್ ಸುಟ್ಟುಹೋದರೆ ಯಾವ ಕೌಂಟರಿಗೆ ಹೋಗಿ ನಿಲ್ಲೋಣ?

ಇಸ್ಪೀಟು ಎಲೆ ಮಾತ್ರ ಬೇಡ. ಬೇಜಾರು ಕಳೆಯೋಕೆ ಅಂತ ಅವರು ಇಟ್ಟುಕೊಂಡಿದ್ದಾರೆ. ನಮ್ಮಲ್ಲಿ ಕರೆಂಟ್ ಹೋದ ಹೊತ್ತಲ್ಲಿ ನಾಲ್ಕು ಗಂಡಸರು ಎಲೆ ಹಿಡಿದು ಕೂತರೆ ಬೆಳಗಿನ ಪೇಪರಿನಲ್ಲಿ ಜಿಲ್ಲಾ ಸುದ್ದಿ ಆಗ್ತಾರೆ.

ಕೈಯಲ್ಲಿ ನಗದು ಇರಲಿ ಅಂತಲೂ ಇದೆ. ಇದನ್ನು ನಮ್ಮ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಾ? ಕಾಳಿನ ಡಬ್ಬಿ, ಸೀರೆ ಮಡಿಕೆ, ದೇವರ ಫೋಟೊ ಹಿಂದೆ, ಎಲ್ಲ ಕಡೆ ಕಷ್ಟಕಾಲಕ್ಕೆ ಅಂತ ಇಟ್ಟಿದ್ದರು. 2016ರ ನವೆಂಬರ್ 8ರ ರಾತ್ರಿ ಅದರಲ್ಲಿದ್ದ 500, 1000ದ ನೋಟೆಲ್ಲ ಕಾಗದ ಆಯಿತು. ಕಷ್ಟಕಾಲಕ್ಕೆ ಇಟ್ಟ ದುಡ್ಡಿಗೇ ಕಷ್ಟಕಾಲ ಬಂದಿದ್ದು ಅದೇ ಮೊದಲು. ಆಮೇಲೆ ಬ್ಯಾಂಕಿನ ಮುಂದೆ ನಿಂತವರಲ್ಲಿ ಎಷ್ಟೋ ಅಮ್ಮಂದಿರಿಗೆ ಬಿಸಿಲಿಗಿಂತ ಜಾಸ್ತಿ ಸಂಕಟ ಕೊಟ್ಟಿದ್ದು, 'ಇಷ್ಟೊಂದು ಎಲ್ಲಿಂದ ಬಂತೇ?' ಅಂತ ಗಂಡ ಕೇಳಿದ ಪ್ರಶ್ನೆ.

ಬೆಂಕಿ ಬೇಡದ, ಬೇಗ ಕೆಡದ ಆಹಾರ ಇರಲಿ ಅನ್ನೋದಕ್ಕೆ ಅಲ್ಲಿಯವರು ಡಬ್ಬಿಯಲ್ಲಿ ಮುಚ್ಚಿದ ಮೀನು ತೋರಿಸ್ತಾರೆ. ಅಯ್ಯೋ ಪಾಪ. ನಮ್ಮ ಮಂಡಕ್ಕಿ ಭಟ್ಟಿಯವರು ತಲೆತಲಾಂತರದಿಂದ ಹೊಗೆ ಕುಡಿದು ಹುರಿದು ಕೊಡ್ತಿರೋದು ಏನು ಮತ್ತೆ? ಚೀಲ ತುಂಬ ತಗೊಂಡರೂ ಒಂದೇ ಕೈಯಲ್ಲಿ ಎತ್ತಬಹುದು. ಒಲೆ ಬೇಡ, ನೀರು ಬೇಡ, ತಟ್ಟೆಯೂ ಬೇಡ, ಪೇಪರ್ ಸಾಕು. ಹಸಿ ಈರುಳ್ಳಿ, ಹುರಿಗಡಲೆ ಪುಡಿ, ಒಂದು ಚೂರು ಎಣ್ಣೆ ಬಿದ್ದರೆ ನಡುರಾತ್ರಿ ಭೂಕಂಪ ಆದರೂ ಪರವಾಗಿಲ್ಲ ಅನ್ನಿಸುತ್ತೆ. ಮೆಣಸಿನಕಾಯಿಗೆ ಮಾತ್ರ ಬಾಣಲೆ ಇಡಬೇಕು. ಮೆಣಸಿನಕಾಯಿ ಇಲ್ಲದೆ 72 ಗಂಟೆ ಮಂಡಕ್ಕಿ ತಿನ್ನೋದು ಅಂದರೆ ಅದು ಮಾತ್ರ ನಿಜವಾದ ವಿಪತ್ತು, ಒಪ್ಪಿಕೊಳ್ತೀನಿ.

ತಯಾರಿ ಅಂದರೆ ಏನು ಅಂತ ನೋಡಬೇಕಾದರೆ ಚಿತ್ರದುರ್ಗದ ಕೋಟೆ ಹತ್ತಿ. ಸೆಲ್ಫಿ ಆಮೇಲೆ. ಪಾಳೇಗಾರರು ಬಂಡೆ ಮೇಲೆ ಬಿದ್ದ ಮಳೆಯನ್ನು ಸುಮ್ನೆ ಬಿಡಲಿಲ್ಲ. ಮೇಲೆ ಗೋಪಾಲಸ್ವಾಮಿ ಹೊಂಡ, ಅದು ತುಂಬಿದರೆ ಅಕ್ಕ-ತಂಗಿಯರ ಹೊಂಡ, ಅಲ್ಲಿಂದ ಕೆಳಗೆ ಊರಿನ ಸಿಹಿನೀರು ಹೊಂಡ, ಸಂತೆಹೊಂಡ. ಒಂದರ ಕೋಡಿ ಇನ್ನೊಂದಕ್ಕೆ. ದವಸಕ್ಕೆ ಕಣಜ, ಎಣ್ಣೆಗೆ ಕೊಳ, ಸಿಡಿಮದ್ದು ಅರೆಯೋಕೆ ಆನೆಗಾತ್ರದ ಕಲ್ಲು. 72 ಗಂಟೆ ಅಂದಿದ್ದರೆ ಮದಕರಿ ನಾಯಕ ನಕ್ಕುಬಿಡುತ್ತಿದ್ದ. ಮುತ್ತಿಗೆ ಅಂದರೆ ತಿಂಗಳುಗಟ್ಟಲೆ.

ಓಬವ್ವನ ಕಥೆ ಎಲ್ಲರಿಗೂ ಬರುತ್ತೆ. ಅದರಲ್ಲಿ ನಾವು ಗಮನಿಸದ್ದು ಒಂದಿದೆ. ಕಾವಲು ಕಾಯುವ ಗಂಡ ಊಟಕ್ಕೆ ಕೂತಿದ್ದಾನೆ, ಕುಡಿಯೋಕೆ ನೀರಿಲ್ಲ, ಆಕೆ ಕೊಡ ಹಿಡಿದು ಹೊಂಡಕ್ಕೆ ಹೊರಟಳು. ಆಗ ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ಕಂಡರು. ಮನೆಯಲ್ಲಿ ನೀರು ಇದ್ದಿದ್ದರೆ? ಅಂದರೆ ನಲ್ಲಿಯಲ್ಲಿ ನೀರು ಬಿಡದೆ ಇರೋದರ ಹಿಂದೆ ನಾಡಿನ ರಕ್ಷಣೆಯ ದೂರದೃಷ್ಟಿ ಇದೆ. ಹೆಂಗಸರು ಕೊಡ ಹಿಡಿದು ಬೀದಿಯಲ್ಲಿದ್ದಷ್ಟೂ ಶತ್ರುಗಳ ಆಟ ನಡೆಯಲ್ಲ. ಒನಕೆ ಬದಲು ಈಗ ಮಿಕ್ಸಿ ಬಂದಿದೆ, ಅದಕ್ಕೆ ಕರೆಂಟ್ ಬೇಕು ಅನ್ನೋದೊಂದೇ ತೊಡಕು.

ಕಷ್ಟಕಾಲಕ್ಕೆ ಕೂಡಿಡೋದನ್ನು ದಿಲ್ಲಿಯಿಂದಲೂ ಕಲಿಯಬೇಕು. ಚಿತ್ರದುರ್ಗದ ಕಡೆಗೆ ನೀರು ತರುವ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ಅಂತ 2023ರ ಫೆಬ್ರುವರಿ 1ರ ಬಜೆಟ್‌ನಲ್ಲಿ ಓದಿದರು. ಚಿತ್ರದುರ್ಗದಲ್ಲಿ ಪಟಾಕಿ ಹೊಡೆಯಬೇಕೋ ಬೇಡವೋ ಅಂತ ಯೋಚಿಸೋದರೊಳಗೆ ಆ ದುಡ್ಡು ಅಜ್ಜಿಯ ಸಾಸಿವೆ ಡಬ್ಬಿ ಸೇರಿಬಿಟ್ಟಿತು. ಎಲ್ಲಿಟ್ಟಿದ್ದೀನಿ ಅಂತ ಅಜ್ಜಿ ಹೇಳಲ್ಲ. ಇದೆಯಾ ಅಂದರೆ ಇದೆ. ಕೊಡು ಅಂದರೆ ಅದಕ್ಕೊಂದು ಕಾಗದ ತಾ ಅನ್ನುತ್ತೆ. 2025ರಲ್ಲೂ ರಾಜ್ಯದವರು ಬಂದಿಲ್ಲ, ಬಂದಿಲ್ಲ ಅಂತಲೇ ಇದ್ದರು.

ಇಷ್ಟಕ್ಕೂ 72 ಗಂಟೆ ಯಾಕೆ? ಅಷ್ಟರೊಳಗೆ ಯಾರಾದರೂ ಬಂದೇ ಬರ್ತಾರೆ ಅನ್ನೋ ನಂಬಿಕೆ ಇರೋ ಊರಿನ ಲೆಕ್ಕ ಅದು. 73ನೇ ಗಂಟೆಗೆ ಬಾಗಿಲು ಬಡಿಯೋರಿದ್ದಾರೆ ಅಂತ. ನಮ್ಮ ಕಡೆ ಲೆಕ್ಕ ಹಾಕಿ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 223 ತಾಲ್ಲೂಕು ಬರಪೀಡಿತ ಅಂತ ಘೋಷಣೆ ಆಯಿತು. ಮೊದಲ ಘೋಷಣೆ ಸೆಪ್ಟೆಂಬರ್‌ನಲ್ಲಿ. ರಾಜ್ಯ ಕೇಳಿದ್ದು 18 ಸಾವಿರ ಕೋಟಿ ಮೇಲೆ. ಕೇಂದ್ರದಿಂದ 3,454 ಕೋಟಿ ಬಿಡುಗಡೆ ಆಗಿದ್ದು 2024ರ ಏಪ್ರಿಲ್ ಕೊನೆಗೆ, ಅದೂ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ. ಚಳ್ಳಕೆರೆಯ ಶೇಂಗಾ ರೈತ ಏಳು ತಿಂಗಳಿಗೆ ಎಷ್ಟು ದೊಡ್ಡ ಚೀಲ ಹೊಲಿಸಬೇಕು? ಟಾರ್ಚು ಹಾಕಿ ಏನು ಹುಡುಕಬೇಕು?

ಇನ್ನು ನೀರು. ಹಿಡಿದಿಟ್ಟುಕೊಳ್ಳಿ ಅಂತೀರಲ್ಲ, ಚಿತ್ರದುರ್ಗದ ಕವಾಡಿಗರಹಟ್ಟಿಯ ಜನ ಹಿಡಿದಿಟ್ಟುಕೊಂಡಿದ್ದರು. 2023ರ ಆಗಸ್ಟ್ ಶುರುವಿನಲ್ಲಿ. ಕುಡಿದರು. ವಾಂತಿ, ಭೇದಿ. ನೂರಕ್ಕೂ ಜಾಸ್ತಿ ಜನ ಆಸ್ಪತ್ರೆ ಸೇರಿದರು, ಕೆಲವರು ವಾಪಸು ಬರಲಿಲ್ಲ. ಕಾಡಿನ ಮಧ್ಯೆ ಅಲ್ಲ, ಜಿಲ್ಲಾ ಕೇಂದ್ರದಲ್ಲಿ. ಅವರ ತಯಾರಿಯಲ್ಲಿ ಏನು ಕಡಿಮೆ ಇತ್ತು ಅಂತ ಆ ಪಟ್ಟಿ ಬರೆದವರು ಹೇಳಲಿ. ಅವರು ಮಾಡಿದ ತಪ್ಪು ನಲ್ಲಿ ನಂಬಿದ್ದು. ಇದರಲ್ಲಿ ತಮಾಷೆ ಹುಡುಕೋಕೆ ನನಗೆ ಆಗ್ತಿಲ್ಲ, ಸಾಕಾಗಿದೆ.

ಸರ್ಕಾರದವರ ತಯಾರಿಯೂ ನಡೆದಿದೆ, ಇಲ್ಲ ಅನ್ನಬಾರದು. 2023ರ ಅಕ್ಟೋಬರ್ 12ರಂದು ನಮ್ಮೆಲ್ಲರ ಫೋನು ಒಮ್ಮೆಗೇ ಕಿರುಚಿತಲ್ಲ, ನೆನಪಿದೆಯಾ? ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಮುಟ್ಟಿ ನೋಡಿಕೊಳ್ಳುವ ಹಾಗೆ. ಎದೆ ಹಿಡಕೊಂಡು ಓದಿದರೆ, ಇದು ಪರೀಕ್ಷೆ, ನಿಮ್ಮ ಕಡೆಯಿಂದ ಯಾವ ಕ್ರಮವೂ ಬೇಕಿಲ್ಲ ಅಂತ ಇತ್ತು. ನಮಗೆ ಬಂದ ಆ ಸಂದೇಶವನ್ನು ಬಹಳಷ್ಟು ಆಫೀಸಿನವರು ಇವತ್ತಿಗೂ ನಿಷ್ಠೆಯಿಂದ ಪಾಲಿಸ್ತಿದ್ದಾರೆ.

ಪಟ್ಟಿಯಲ್ಲಿ ಕೊನೆಗೆ ಒಂದು ಸೀಟಿ ಇದೆ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಊದಬೇಕಂತೆ, ಕಾಪಾಡೋರಿಗೆ ಕೇಳಿಸಲಿ ಅಂತ. ಉಳಿದಿದ್ದೆಲ್ಲ ಮನೆಯಲ್ಲಿದೆ, ಇದೊಂದು ಇರಲಿ ಅಂತ ಮಂಡಿಪೇಟೆಯಲ್ಲಿ ಕೇಳಿದೆ.

"ಸ್ಕೂಲ್ ಪೀಟಿ ಮಾಸ್ತರಿಗಾ ಸರ್, ಕಸದ ಗಾಡಿಗಾ?" ಅಂದ ಅಂಗಡಿಯವನು.

"ಕಷ್ಟಕಾಲಕ್ಕಪ್ಪ. ಊದಿದ್ರೆ ಯಾರಾದ್ರೂ ಬರಬೇಕು."

"ಹಂಗಾದ್ರೆ ಒಂದು ಸಾಲಲ್ಲ, ಡಜನ್ ತಗೊಳ್ಳಿ. ಬೀದಿಯವರೆಲ್ಲ ಸೇರಿ ಊದಿದ್ರೂ ಬರಲ್ಲ ಅವರು. ಟೈಂಪಾಸ್ ಆಗುತ್ತೆ."